ಇಪ್ಪತ್ತು ಅಂಕಿಯ ಸಂಖ್ಯೆಯ ಒಳಗುಟ್ಟು: ಪಾರಿ/ಜಿಪಿ ಕ್ಯಾಲ್ಕುಲೇಟರ್ ಹೇಗಿದೆ

ದೊಡ್ಡದೊಂದು ಪೂರ್ಣಾಂಕವನ್ನು ಮುಂದಿಟ್ಟು ‘ಇದರ ಗುಣ ಹೇಳಿ’ ಎಂದರೆ ಏಳುವ ಪ್ರಶ್ನೆಗಳು ಹೆಚ್ಚುಕಡಿಮೆ ಎಲ್ಲರಿಗೂ ಗೊತ್ತಿರುವಂಥವೇ. ಅವಿಭಾಜ್ಯವೇ? ಅಲ್ಲವಾದರೆ ಯಾವ ಅವಿಭಾಜ್ಯಗಳ ಗುಣಲಬ್ಧ? ಭಾಜಕಗಳು ಎಷ್ಟು, ಅವುಗಳ ಮೊತ್ತ ಎಷ್ಟು? ಅದಕ್ಕಿಂತ ಚಿಕ್ಕದಾಗಿದ್ದು ಅದರೊಂದಿಗೆ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲದ ಸಂಖ್ಯೆಗಳು ಎಷ್ಟು? ಎರಡು ವರ್ಗಗಳ ಮೊತ್ತವಾಗಿ ಬರೆಯಲು ಬರುತ್ತದೆಯೇ? ಇವುಗಳಲ್ಲಿ ನಿಜಕ್ಕೂ ಬೆವರಿಳಿಸುವುದು ಎರಡನೆಯ ಪ್ರಶ್ನೆ. ಅಪವರ್ತನ ಕೈಗೆ ಸಿಕ್ಕಿತೆಂದರೆ ಅದರ ನಂತರದವೆಲ್ಲ ಬರೀ ಗುಣಾಕಾರ. ಸಿಗದಿದ್ದರೆ ಅವೂ ಇಲ್ಲ. ಆದ್ದರಿಂದ ಸಂಖ್ಯೆಗಳ ಗುಣ ಹೇಳುವ ಸಾಧನವನ್ನು ಎರಡು ಮಾತಿನಲ್ಲಿ ತೂಗಬೇಕು. ಅಪವರ್ತನವನ್ನು ಅದು ಎಷ್ಟು ದೂರ ಒಯ್ಯುತ್ತದೆ? ಕೊಟ್ಟ ಉತ್ತರ ಸಾಧಿಸಿದ್ದೋ ನಂಬಿದ್ದೋ ಎಂದು ತಿಳಿಯಲು ದಾರಿ ಇಟ್ಟಿದೆಯೇ?

ಎರಡರಲ್ಲೂ ಪಾರಿ/ಜಿಪಿ ಗಟ್ಟಿ. ಇದು 1980ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋ ವಿಶ್ವವಿದ್ಯಾಲಯದಲ್ಲಿ ಆನ್ರಿ ಕೋಹೆನ್ ಮತ್ತು ಸಂಗಡಿಗರು ಶುರು ಮಾಡಿದ ಮುಕ್ತ ತಂತ್ರಾಂಶ. ‘ಪಾರಿ’ ಎನ್ನುವುದು ಸಿ ಭಾಷೆಯ ಲೈಬ್ರರಿ. ಅದರ ಮೇಲೆ ಕೂತು ನಮ್ಮೊಡನೆ ಮಾತಾಡುವ ಕ್ಯಾಲ್ಕುಲೇಟರ್ ‘ಜಿಪಿ’. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರಕ್ಕೂ ಸಿಗುತ್ತದೆ. ಏನನ್ನೂ ಹಾಕಿಕೊಳ್ಳದೆ ಬ್ರೌಸರಿನಲ್ಲೇ ಓಡಿಸಲೂ ಬರುತ್ತದೆ. ಮೊದಲ ಪರಿಚಯಕ್ಕೆ ಬ್ರೌಸರ್ ಸಾಕು. 60 ಅಂಕಿ ದಾಟುವ ಕೆಲಸವಿದ್ದರೆ ಯಂತ್ರದಲ್ಲೇ ಸ್ಥಾಪಿಸಿಕೊಳ್ಳಿ.

ಸ್ಪ್ರೆಡ್‌ಶೀಟ್ ಏಕೆ ಸಾಲದು ಎಂದು ಕೇಳುವವರಿದ್ದಾರೆ. ಎಕ್ಸೆಲ್ ಒಂದು ಸಂಖ್ಯೆಯ 15 ಅಂಕಿಗಳನ್ನಷ್ಟೇ ಹಿಡಿದಿಡುತ್ತದೆ, 16ನೆಯದರಿಂದಾಚೆ ಎಲ್ಲ ಸೊನ್ನೆಯಾಗುತ್ತವೆ. ಎಚ್ಚರಿಕೆಯ ಒಂದು ಮಾತೂ ಇಲ್ಲದೆ ಬೆಸ ಸಂಖ್ಯೆ ಸಮ ಸಂಖ್ಯೆಯಾಗಿ ಕೂತಿರುತ್ತದೆ. ಜಾವಾಸ್ಕ್ರಿಪ್ಟಿನ ಸಾಮಾನ್ಯ ಸಂಖ್ಯೆಗಳದೂ ಇದೇ ಪಾಡು: 9007199254740992ರ ಮುಂದಿನ ಪೂರ್ಣಾಂಕವಾದ 9007199254740993 ಅದಕ್ಕೆ ಇಲ್ಲವೇ ಇಲ್ಲ. ಗುಣಗಳನ್ನು ಕೇಳುವಾಗ ಕೊನೆಯ ಅಂಕಿ ತಪ್ಪಿದರೆ ಉತ್ತರ ಪೂರ್ತಿ ಬೇರೊಂದು ಸಂಖ್ಯೆಯದಾಗುತ್ತದೆ. ಇಲ್ಲಿ ‘ಸುಮಾರು ಸರಿ’ ಎನ್ನುವುದಕ್ಕೆ ಅರ್ಥವೇ ಇಲ್ಲ. ಜಿಪಿಯಲ್ಲಿ ಪೂರ್ಣಾಂಕ ಎಷ್ಟು ಉದ್ದವಿದ್ದರೂ ಒಂದು ಅಂಕಿಯೂ ಅಲುಗದು, ಮಿತಿ ಇರುವುದು ಯಂತ್ರದ ಮೆಮೊರಿಗೆ.

ತೆರೆದ ಕೂಡಲೇ ಕಾಣುವುದು ಒಂದು ಪ್ರಶ್ನಾರ್ಥಕ ಚಿಹ್ನೆ, ಅಷ್ಟೇ. ಗುಂಡಿಗಳಿಲ್ಲ, ಮೆನು ಇಲ್ಲ. ಮೊದಲು ಎರಡು ಕೆಲಸ ಮಾಡಿಕೊಳ್ಳಿ. ಹ್ಯಾಶ್ ಚಿಹ್ನೆಯನ್ನು ಒಂಟಿಯಾಗಿ ಕೊಟ್ಟು ಎಂಟರ್ ಒತ್ತಿದರೆ ಪ್ರತಿ ಲೆಕ್ಕಕ್ಕೆ ಹಿಡಿದ ಸಮಯವನ್ನು ಅದು ಹೇಳತೊಡಗುತ್ತದೆ. ಆಮೇಲೆ ‘ಪಾರಿಸೈಜ್‌ಮ್ಯಾಕ್ಸ್’ ಎಂಬ ಮಿತಿಯನ್ನು ಒಂದು ಗಿಗಾಬೈಟಿಗೆ ಏರಿಸಿ. ಜಿಪಿ ತನ್ನ ಲೆಕ್ಕವನ್ನೆಲ್ಲ ಒಂದು ಸ್ಟ್ಯಾಕಿನ (ಲೆಕ್ಕಕ್ಕೆಂದು ಮೀಸಲಿಟ್ಟ ಮೆಮೊರಿ) ಮೇಲೆ ಮಾಡುತ್ತದೆ, ಅದರ ಮೊದಲ ಗಾತ್ರ ಬರೀ 80 ಲಕ್ಷ ಬೈಟ್. ‘ಸ್ಟ್ಯಾಕ್ ಓವರ್‌ಫ್ಲೋ’ ಎಂಬ ದೂರು ಬಂದರೆ ಬಹುಪಾಲು ಸಲ ಇದೇ ಕಾರಣ. ಈ ಆಜ್ಞೆಯನ್ನು ಪ್ರತ್ಯೇಕ ಸಾಲಿನಲ್ಲೇ ಕೊಡಬೇಕು, ಅದೇ ಸಾಲಿನಲ್ಲಿ ಮುಂದೆ ಬರೆದದ್ದು ನಡೆಯದೆ ಹೋಗುತ್ತದೆ.

ಪರೀಕ್ಷೆಗೆ ಒಳ್ಳೆಯ ಸಂಖ್ಯೆ 2^64−1, ಅಂದರೆ 18446744073709551615. ಚದುರಂಗದ ಹಾಸಿನ ಮನೆಯಿಂದ ಮನೆಗೆ ಕಾಳು ಇಮ್ಮಡಿಸುವ ಕಥೆಯ ಒಟ್ಟು ಮೊತ್ತ ಇದು. 64 ಬಿಟ್‌ನಲ್ಲಿ ಹಿಡಿಯುವ ಅತಿ ದೊಡ್ಡ ಪೂರ್ಣಾಂಕವೂ ಇದೇ. ಫ್ಯಾಕ್ಟರ್ ಆಜ್ಞೆ ಕೊಟ್ಟರೆ ಕಣ್ಣು ಮಿಟುಕಿಸುವುದರೊಳಗೆ ಎರಡು ಕಂಬಸಾಲಿನ ಪಟ್ಟಿ ಬರುತ್ತದೆ. ಎಡಗಡೆ ಅವಿಭಾಜ್ಯಗಳು: 3, 5, 17, 257, 641, 65537, 6700417. ಬಲಗಡೆ ಘಾತಗಳು, ಇಲ್ಲಿ ಎಲ್ಲವೂ 1.

ಈ ಪಟ್ಟಿಯನ್ನು ಕಾಗದದ ಮೇಲೆ ತಾಳೆ ನೋಡುವುದು ಚೆಂದ. ವರ್ಗಗಳ ವ್ಯತ್ಯಾಸದ ಸೂತ್ರವನ್ನೇ ಮತ್ತೆ ಮತ್ತೆ ಹಾಕಿದರೆ 2^64−1 ಎನ್ನುವುದು 3, 5, 17, 257, 65537 ಮತ್ತು 2^32+1 ಇವುಗಳ ಗುಣಲಬ್ಧ ಎಂದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಕೊನೆಯದಾದ 4294967297 ಅವಿಭಾಜ್ಯ ಎಂದು ಫರ್ಮಾ ನಂಬಿದ್ದ. ಅದು 641 × 6700417 ಎಂದು 1732ರಲ್ಲಿ ತೋರಿಸಿದವನು ಆಯ್ಲರ್.

ಏಳು ಬೇರೆ ಬೇರೆ ಅವಿಭಾಜ್ಯಗಳು ಒಂದೊಂದೇ ಸಲ ಬಂದಿವೆ ಎಂಬ ಒಂದು ಸಂಗತಿಯಿಂದ ಎಷ್ಟು ಗುಣ ಹೊರಬೀಳುತ್ತವೆ ನೋಡಿ. ಭಾಜಕಗಳು 2^7, ಅಂದರೆ 128. ನಮ್‌ಡಿವ್ ಆಜ್ಞೆ ಹೇಳುವುದೂ ಅದನ್ನೇ. 1 ಬಿಟ್ಟರೆ ಯಾವ ವರ್ಗವೂ ಇದನ್ನು ಭಾಗಿಸದು. ಇಂಥ ಸಂಖ್ಯೆಯಲ್ಲಿ ಅವಿಭಾಜ್ಯಗಳ ಎಣಿಕೆ ಸಮವಾದರೆ 1, ಬೆಸವಾದರೆ −1 ಎನ್ನುವ ಮ್ಯೋಬಿಯಸ್ ಬೆಲೆ ಇಲ್ಲಿ −1. ಸಿಗ್ಮ ಕೊಡುವ ಭಾಜಕಗಳ ಮೊತ್ತ 31421980989189888768. ಇದು ಮೂಲ ಸಂಖ್ಯೆಯ ಇಮ್ಮಡಿಗಿಂತ ಕಡಿಮೆ, ಹಾಗಾಗಿ ಸಂಖ್ಯೆ ನ್ಯೂನ ಜಾತಿಯದು. ಪ್ರತಿ ಅವಿಭಾಜ್ಯಕ್ಕೂ 1 ಕೂಡಿಸಿ ಗುಣಿಸಿದರೆ ಕೈಯಲ್ಲೇ ಈ ಮೊತ್ತ ಬರುತ್ತದೆ. ಕೂಡಿಸುವ ಬದಲು 1 ಕಳೆದು ಗುಣಿಸಿದರೆ ಆಯ್ಲರ್‌ಫೈ: 9208981628670443520. ಅಂದರೆ ಅದಕ್ಕಿಂತ ಚಿಕ್ಕ ಸಂಖ್ಯೆಗಳಲ್ಲಿ ಅರ್ಧಕ್ಕೆ ಕೂದಲೆಳೆಯಷ್ಟು ಕಡಿಮೆ ಸಂಖ್ಯೆಗಳು ಇದರೊಂದಿಗೆ ಸಹ-ಅವಿಭಾಜ್ಯ. ಎರಡು ವರ್ಗಗಳ ಮೊತ್ತವಾಗಿ ಇದನ್ನು ಬರೆಯಲಾಗದು. ನಾಲ್ಕರಿಂದ ಭಾಗಿಸಿದಾಗ 3 ಉಳಿಸುವ ಅವಿಭಾಜ್ಯ ಯಾವುದಿದ್ದರೂ ಸಮ ಘಾತದಲ್ಲಿರಬೇಕೆಂಬುದು ಅದಕ್ಕೆ ನಿಯಮ. ಇಲ್ಲಿ 3 ಒಂದೇ ಸಲ ಬಂದು ಕೆಲಸ ಕೆಡಿಸಿದೆ, ಉಳಿದ ಆರೂ ನಿಯಮಕ್ಕೆ ಒಗ್ಗುವಂಥವು. ಸಮ್‌ಡಿಜಿಟ್ಸ್ ಪ್ರಕಾರ ಅಂಕಿಗಳ ಮೊತ್ತ 87. ಅದು 3ಕ್ಕೆ ಭಾಗವಾಗುತ್ತದೆ, 9ಕ್ಕೆ ಆಗದು. ಘಾತಗಳ ಕಂಬಸಾಲಿನಲ್ಲಿ 3ರ ಎದುರು 1 ಇದ್ದದ್ದಕ್ಕೂ ಇದಕ್ಕೂ ತಾಳೆಯಾಯಿತು.

ಇನ್ನೂ ಒಳಗೆ ಇಳಿಯುವವರಿಗೆ ಝಡ್ಎನ್‌ಸ್ಟಾರ್ ಎಂಬ ಆಜ್ಞೆಯಿದೆ. ಸಹ-ಅವಿಭಾಜ್ಯ ಶೇಷಗಳ ಗುಂಪು ಯಾವ ಯಾವ ಚಕ್ರಗಳಿಂದ ಆಗಿದೆ ಎಂದು ಅದು ಬಿಡಿಸಿಡುತ್ತದೆ. ಈ ಸಂಖ್ಯೆಗೆ ಅತಿ ದೊಡ್ಡ ಚಕ್ರದ ಉದ್ದ 17153064960. ಆಯ್ಲರ್‌ಫೈ 19 ಅಂಕಿಯದು, ಇದು ಬರೀ 11 ಅಂಕಿಯದು. ಯಾವ ಸಹ-ಅವಿಭಾಜ್ಯ ಸಂಖ್ಯೆಯನ್ನು ತೆಗೆದುಕೊಂಡರೂ ಈ ಘಾತಕ್ಕೇರಿಸಿದರೆ ಶೇಷ 1 ಬಂದೇ ಬರುತ್ತದೆ. ಇಂಥ ಉತ್ತರ ಒಂದೇ ಸಾಲಿನಲ್ಲಿ ಕೊಡುವ ಸಾಧನಗಳು ಹೆಚ್ಚಿಲ್ಲ, ಪಾರಿಯನ್ನು ಮೆಚ್ಚಲು ಇದೊಂದೇ ಸಾಕು.

ಘಾತದ ಲೆಕ್ಕದಲ್ಲಿ ಹೊಸಬರು ಎಡವುವ ಕಲ್ಲೊಂದಿದೆ. 2ನ್ನು n−1ರ ಘಾತಕ್ಕೇರಿಸಿ nನಿಂದ ಭಾಗಿಸಿದರೆ ಉಳಿಯುವ ಶೇಷ ಬೇಕು ಎಂದಿಟ್ಟುಕೊಳ್ಳಿ. ಅದನ್ನು ಹಾಗೆಯೇ ಬರೆದರೆ ಜಿಪಿ ಮೊದಲು ಪೂರ್ತಿ ಘಾತವನ್ನು ಕಟ್ಟಲು ಹೊರಡುತ್ತದೆ. n ಇಪ್ಪತ್ತು ಅಂಕಿಯದಾದರೆ ಆ ಘಾತವನ್ನು ಹಿಡಿದಿಡುವ ಮೆಮೊರಿ ಯಾವ ಯಂತ್ರದಲ್ಲೂ ಇಲ್ಲ, ಓವರ್‌ಫ್ಲೋ ದೋಷ ಖಚಿತ. ಮೊದಲು ಮಾಡ್(2, n) ಎಂದು ಶೇಷವರ್ಗವನ್ನು ಮಾಡಿಕೊಂಡು, ಅದನ್ನು ಘಾತಕ್ಕೇರಿಸಬೇಕು. ಆಗ ಪ್ರತಿ ಹೆಜ್ಜೆಯಲ್ಲೂ ಶೇಷ ಮಾತ್ರ ಉಳಿಯುತ್ತದೆ, ಉತ್ತರ ತಕ್ಷಣ. ನಮ್ಮ 2^64−1ಕ್ಕೆ ಹೀಗೆ ಬರುವ ಶೇಷ 4611686018427387904, ಅಂದರೆ 2^62. ಅದು 1 ಅಲ್ಲವಾದ್ದರಿಂದ ಅಪವರ್ತನ ಗೊತ್ತಿಲ್ಲದಿದ್ದರೂ ಸಂಖ್ಯೆ ಅವಿಭಾಜ್ಯವಲ್ಲ ಎಂದು ಸಿದ್ಧವಾಯಿತು.

ಆದರೆ ಶೇಷ 1 ಬಂದರೆ ಅವಿಭಾಜ್ಯವೆಂದು ಕುಣಿಯಬೇಡಿ. ಇದೇ ಪರೀಕ್ಷೆಯನ್ನು 2^67−1ರ ಮೇಲೆ, ಅಂದರೆ 147573952589676412927ರ ಮೇಲೆ ಮಾಡಿದರೆ 1 ಬರುತ್ತದೆ. ಸಂಖ್ಯೆ ಮಾತ್ರ 193707721 × 761838257287. ಘಾತಾಂಕ ಅವಿಭಾಜ್ಯವಾಗಿದ್ದು ತಾವು ಸಂಯುಕ್ತವಾಗಿರುವ ಇಂಥ ಎಲ್ಲ ಸಂಖ್ಯೆಗಳೂ ಆಧಾರ 2ಕ್ಕೆ (ಅಂದರೆ ಘಾತಕ್ಕೇರಿಸುವ ಸಂಖ್ಯೆ 2 ಆದಾಗ) ಮೋಸ ಮಾಡುತ್ತವೆ. ಅದೇ ಆಧಾರದ ಇನ್ನೂ ಬಿಗಿಯಾದ ಮಿಲ್ಲರ್-ರಾಬಿನ್ ಪರೀಕ್ಷೆಯೂ ಇಲ್ಲಿ ಸೋಲುತ್ತದೆ. ಈ ಸಂಖ್ಯೆ ಸಂಯುಕ್ತ ಎಂದು ಲ್ಯೂಕಾ 1876ರಲ್ಲೇ ತೋರಿಸಿದ್ದರೂ ಅಪವರ್ತನಗಳು ಸಿಕ್ಕಿದ್ದು 1903ರಲ್ಲಿ, ಫ್ರ್ಯಾಂಕ್ ನೆಲ್ಸನ್ ಕೋಲ್ ಕೈಯಲ್ಲಿ. ‘ಅವಿಭಾಜ್ಯವಲ್ಲ’ ಎಂದು ತಿಳಿಯುವುದಕ್ಕೂ ‘ಇಂಥವುಗಳ ಗುಣಲಬ್ಧ’ ಎಂದು ತಿಳಿಯುವುದಕ್ಕೂ ನಡುವೆ 27 ವರ್ಷ.

ಪಾರಿಯ ಬೆನ್ನೆಲುಬು ಇರುವುದು ಇಲ್ಲಿ. ಅವಿಭಾಜ್ಯತೆ ಕೇಳಲು ಎರಡು ಆಜ್ಞೆಗಳಿವೆ, ಎರಡೂ ಒಂದೇ ಅಲ್ಲ. ಈಸ್‌ಸ್ಯೂಡೊಪ್ರೈಮ್ ನಡೆಸುವುದು ಬಿಪಿಎಸ್‌ಡಬ್ಲ್ಯು ಎಂಬ ಜೋಡಿ ಪರೀಕ್ಷೆ: ಆಧಾರ 2ರ ಬಿಗಿ ಪರೀಕ್ಷೆಯೊಂದು, ಅದರ ಬೆನ್ನಿಗೆ ಲ್ಯೂಕಾ ಶ್ರೇಣಿಯ ಪರೀಕ್ಷೆಯೊಂದು. 2^67−1 ಮೊದಲ ಬಾಗಿಲು ದಾಟಿ ಎರಡನೆಯದರಲ್ಲಿ ಸಿಕ್ಕಿಬೀಳುತ್ತದೆ. 2^64ಕ್ಕಿಂತ ಚಿಕ್ಕ ಸಂಖ್ಯೆಗಳಲ್ಲಿ ಈ ಜೋಡಿಯನ್ನು ವಂಚಿಸುವಂಥದ್ದು ಒಂದೂ ಇಲ್ಲ ಎಂದು ಪರಿಶೀಲಿಸಿ ಆಗಿದೆ. ಅದಕ್ಕಿಂತ ದೊಡ್ಡವುಗಳಲ್ಲಿ ಇಲ್ಲಿಯವರೆಗೆ ಒಂದೂ ಸಿಕ್ಕಿಲ್ಲ, ಆದರೆ ಇರಲಾರದು ಎಂಬುದಕ್ಕೆ ಸಾಧನೆಯೂ ಇಲ್ಲ. ಇನ್ನೊಂದು ಆಜ್ಞೆ ಈಸ್‌ಪ್ರೈಮ್. ಅದು ‘ಹೌದು’ ಎಂದರೆ ಗಣಿತದ ಸಾಧನೆಯ ಬಲವಿರುತ್ತದೆ, ಹಾಗಾಗಿ ನಿಧಾನ. ನೂರಾರು ಅಂಕಿಗಳ ಸಂಖ್ಯೆಯಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಕೆಲವು ಆಧಾರಗಳಲ್ಲಷ್ಟೇ ಮಿಲ್ಲರ್-ರಾಬಿನ್ ನಡೆಸಿ ‘ಅವಿಭಾಜ್ಯ’ ಎಂದು ಘೋಷಿಸುವ ಸಾಧನಗಳನ್ನು ಹಿಡಿಯಲು 3215031751 ಒಳ್ಳೆಯ ಗಾಳ. 2, 3, 5, 7 ನಾಲ್ಕೂ ಆಧಾರಗಳಲ್ಲಿ ಇದು ತೇರ್ಗಡೆ, ಆದರೆ ನಿಜದಲ್ಲಿ 151 × 751 × 28351. ಕಾರ್ಮೈಕೇಲ್ ಸಂಖ್ಯೆಯೂ ಹೌದು, ಅಂದರೆ ತನ್ನೊಂದಿಗೆ ಸಹ-ಅವಿಭಾಜ್ಯವಾದ ಯಾವ ಆಧಾರ ಹಿಡಿದರೂ ಮೇಲಿನ ‘ಶೇಷ 1’ರ ಪರೀಕ್ಷೆಯನ್ನು ದಾಟುವ ಸಂಯುಕ್ತ ಸಂಖ್ಯೆ. ಪಾರಿಯ ಎರಡು ಆಜ್ಞೆಗಳೂ ಇದನ್ನು ತಪ್ಪದೆ ತಳ್ಳಿಹಾಕುತ್ತವೆ. ಹೊಸ ಸಾಧನ ಯಾವುದನ್ನು ಹಿಡಿದರೂ ಮೊದಲು ಈ ಸಂಖ್ಯೆಯನ್ನು ಕೊಟ್ಟು ನೋಡಿ, ಅರ್ಧ ನಿಮಿಷದ ಕೆಲಸ.

ಸಾಧನೆಯನ್ನು ಇನ್ನೊಬ್ಬರ ಕೈಗೆ ಕೊಡಬೇಕಾದರೆ ಪ್ರೈಮ್‌ಸರ್ಟ್ ಆಜ್ಞೆ ಪ್ರಮಾಣಪತ್ರವನ್ನೇ ಬರೆದುಕೊಡುತ್ತದೆ. ಅದನ್ನು ತಪಾಸಣೆ ಮಾಡುವುದು, ಸಾಧನೆಯನ್ನು ಮೊದಲಿಂದ ಹುಡುಕುವುದಕ್ಕಿಂತ ಎಷ್ಟೋ ಪಾಲು ಹಗುರ.

ಇಲ್ಲೊಂದು ಸೂಕ್ಷ್ಮವಿದೆ. ಫ್ಯಾಕ್ಟರ್ ಕೊಡುವ ಪಟ್ಟಿಯಲ್ಲಿನ ದೊಡ್ಡ ಅಪವರ್ತನಗಳು ಬಿಪಿಎಸ್‌ಡಬ್ಲ್ಯು ದಾಟಿದವು ಮಾತ್ರ, ಸಾಧಿಸಿದವಲ್ಲ. 2^64ಕ್ಕಿಂತ ಚಿಕ್ಕವಕ್ಕೆ ಚಿಂತೆಯಿಲ್ಲ. ಅದಕ್ಕಿಂತ ದೊಡ್ಡವೂ ಸಾಧಿತವಾಗಿರಲೇಬೇಕು ಎಂದರೆ ‘ಫ್ಯಾಕ್ಟರ್_ಪ್ರೂವನ್’ ಎಂಬ ಆಯ್ಕೆಯನ್ನು 1 ಮಾಡಿಟ್ಟುಕೊಳ್ಳಿ. ವೇಗಕ್ಕಾಗಿ ಇದನ್ನು ಮೊದಲಿಗೆ ಆರಿಸಿಟ್ಟಿರುವುದು ಒಪ್ಪುವಂಥ ಮಾತೇ. ಆದರೂ ಪಟ್ಟಿ ಬಂದಾಗ ಯಾವ ಅಪವರ್ತನ ಸಾಧಿತ, ಯಾವುದು ಅಲ್ಲ ಎಂದು ಪಕ್ಕದಲ್ಲಿ ಒಂದು ಗುರುತಾದರೂ ಇರಬೇಕಿತ್ತು. ಕೈಪಿಡಿ ಓದದವರಿಗೆ ಇದು ತಿಳಿಯುವುದೇ ಇಲ್ಲ, ಇಡೀ ಸಾಧನದಲ್ಲಿ ದೊಡ್ಡ ಕೊರತೆ ಇದೇ.

ಇನ್ನು ವೇಗ. ಅಪವರ್ತನದ ಕಷ್ಟವನ್ನು ಸಂಖ್ಯೆಯ ಉದ್ದದಿಂದ ಅಳೆಯುವುದು ಸಾಮಾನ್ಯ ತಪ್ಪು. ಫರ್ಮಾ ಸಂಖ್ಯೆಗಳನ್ನೇ (2ನ್ನು 2ರ ಘಾತವೊಂದಕ್ಕೆ ಏರಿಸಿ 1 ಕೂಡಿಸಿದವು) ಸಾಲಾಗಿ ಕೊಟ್ಟು ನೋಡಿದರೆ ನಿಜ ಗೊತ್ತಾಗುತ್ತದೆ. 2^128+1 ಎನ್ನುವುದು 39 ಅಂಕಿ. 1970ರಲ್ಲಿ ಮಾರಿಸನ್ ಮತ್ತು ಬ್ರಿಲ್‌ಹಾರ್ಟ್ ಬಿಡಿಸುವವರೆಗೂ ಅದು ಕಗ್ಗಂಟಾಗಿತ್ತು: 59649589127497217 × 5704689200685129054721. ಜಿಪಿಗೆ ಈಗ ಅದು ಕ್ಷಣದ ಕೆಲಸ. 2^256+1 ಅದರ ಎರಡರಷ್ಟು ಉದ್ದ, 78 ಅಂಕಿ. ಆದರೂ ಬೇಗ ಬಿಚ್ಚಿಕೊಳ್ಳುತ್ತದೆ, ಏಕೆಂದರೆ ಅದರೊಳಗೆ 1238926361552897 ಎಂಬ 16 ಅಂಕಿಯ ಅಪವರ್ತನವಿದೆ. 1980ರಲ್ಲಿ ಬ್ರೆಂಟ್ ಮತ್ತು ಪೊಲಾರ್ಡ್ ಇದನ್ನು ಹಿಡಿದಿದ್ದು ಕೂಡ ಚಿಕ್ಕ ಅಪವರ್ತನಗಳನ್ನು ಹುಡುಕುವ ರೋ ವಿಧಾನದಿಂದಲೇ. ಈಗ ರ‍್ಯಾಂಡಮ್‌ಪ್ರೈಮ್(10^39) ಎಂದು ಎರಡು ಸಲ ಕೇಳಿ, ಸಿಕ್ಕ ಎರಡು ಅವಿಭಾಜ್ಯಗಳನ್ನು ಗುಣಿಸಿ, ಗುಣಲಬ್ಧವನ್ನು ಫ್ಯಾಕ್ಟರ್‌ಗೆ ಕೊಡಿ. ಉದ್ದ ಹೆಚ್ಚುಕಡಿಮೆ ಅಷ್ಟೇ, ಕಾಯುವಿಕೆ ಮಾತ್ರ ಎಷ್ಟೋ ಪಟ್ಟು.

ಕಾರಣ, ಫ್ಯಾಕ್ಟರ್ ಒಳಗೆ ಒಂದರ ಹಿಂದೆ ಒಂದು ವಿಧಾನ ಸರತಿಯಲ್ಲಿ ನಿಂತಿವೆ. ಮೊದಲು ಚಿಕ್ಕ ಅವಿಭಾಜ್ಯಗಳಿಂದ ನೇರ ಭಾಗಾಕಾರ, ಆಮೇಲೆ ರೋ ಮತ್ತು ಶ್ಯಾಂಕ್ಸ್‌ನ ವಿಧಾನ, ನಂತರ ಎಲಿಪ್ಟಿಕ್ ಕರ್ವ್, ಕಡೆಗೆ ಕ್ವಾಡ್ರಾಟಿಕ್ ಸೀವ್ ಎಂಬ ಜರಡಿ. ರೋ ಮತ್ತು ಎಲಿಪ್ಟಿಕ್ ಕರ್ವ್‌ಗೆ ತಗಲುವ ಸಮಯ ಅವಲಂಬಿಸಿರುವುದು ಹುಡುಕುವ ಅಪವರ್ತನದ ಗಾತ್ರವನ್ನು. ಜರಡಿಗೆ ಮುಖ್ಯವಾದದ್ದು ಇಡೀ ಸಂಖ್ಯೆಯ ಗಾತ್ರ. ಎರಡೂ ಅಪವರ್ತನ ಸರಿಸಮ ದೊಡ್ಡದಾಗಿದ್ದರೆ ಜರಡಿಯೇ ಗತಿ. 60 ಅಂಕಿಯವರೆಗೆ ಅದು ಸಲೀಸು, 80ರ ಹತ್ತಿರ ತಾಳ್ಮೆ ಬೇಕು, 100ರ ಹತ್ತಿರ ಬೇರೆ ತಂತ್ರಾಂಶ ಬೇಕು. ಅಲ್ಲಿ ಯಾಫು ಎಂಬ ಅಪವರ್ತನ ತಂತ್ರಾಂಶ ಚುರುಕು. ಅದನ್ನೂ ಮೀರಿದ ಕೆಲಸಕ್ಕೆ ಕಾಡೊ-ಎನ್‌ಎಫ್‌ಎಸ್ ಇದೆ. 250 ಅಂಕಿಯ ಆರ್‌ಎಸ್‌ಎ-250 ಎಂಬ ಸಂಖ್ಯೆಯನ್ನು 2020ರಲ್ಲಿ ಬಿಡಿಸಿದ್ದು ಅದರಿಂದಲೇ, ಖರ್ಚಾದದ್ದು ಸುಮಾರು 2700 ಕೋರ್-ವರ್ಷಗಳ ಲೆಕ್ಕ (ಪ್ರೊಸೆಸರಿನ ಒಂದು ಕೋರ್ ಒಂದು ವರ್ಷ ಓಡಿದರೆ ಒಂದು ಕೋರ್-ವರ್ಷ).

ದೊಡ್ಡ ಸಂಖ್ಯೆ ಕೊಟ್ಟ ಮೇಲೆ ಜಿಪಿ ಎಷ್ಟು ಮುಂದುವರಿದಿದೆ ಎಂದು ತಾನಾಗಿ ಹೇಳುವುದಿಲ್ಲ. ಪರದೆ ಸುಮ್ಮನೆ ನಿಂತಿರುತ್ತದೆ, ನಡುವೆ ಕಂಟ್ರೋಲ್-ಸಿ ಒತ್ತಿದರೆ ಅಲ್ಲಿಯವರೆಗೆ ಸಿಕ್ಕ ಅಪವರ್ತನಗಳೂ ಕೈತಪ್ಪುತ್ತವೆ. ಇದಕ್ಕೆ ಎರಡು ಉಪಾಯ. ಡಿಬಗ್ ಮಟ್ಟವನ್ನು 4ಕ್ಕೆ ಏರಿಸಿಟ್ಟರೆ ಯಾವ ವಿಧಾನ ನಡೆದಿದೆ, ಏನು ಸಿಕ್ಕಿತು ಎಂದು ಸಾಲುಸಾಲಾಗಿ ಬರೆಯುತ್ತ ಹೋಗುತ್ತದೆ. ಎರಡನೆಯದು, ಮೊದಲೇ ಫ್ಯಾಕ್ಟರ್(n, 10^7) ಎಂದು ಮಿತಿ ಹಾಕಿ ಕೇಳುವುದು. ಆಗ ಆ ಮಿತಿಯೊಳಗಿನ ಅವಿಭಾಜ್ಯಗಳನ್ನು ಮಾತ್ರ ಹುಡುಕಿ, ಉಳಿದದ್ದನ್ನು ಹಾಗೆಯೇ ಕೊಡುತ್ತದೆ. ಹೀಗೆ ಉಳಿದ ಕೊನೆಯ ತುಂಡು ಸಂಯುಕ್ತವೂ ಆಗಿರಬಹುದು. ಅದನ್ನು ಅವಿಭಾಜ್ಯವೆಂದು ಎಣಿಸಿ ಮುಂದಿನ ಲೆಕ್ಕ ಕಟ್ಟಿದರೆ ಭಾಜಕಗಳ ಎಣಿಕೆಯಿಂದ ಹಿಡಿದು ಎಲ್ಲವೂ ಕೆಡುತ್ತದೆ.

ಅಲ್ಪವಿರಾಮದ ಅಪಾಯ ಇದಕ್ಕೆ ಅಂಟಿಕೊಂಡೇ ಬರುತ್ತದೆ. ಬೇರೆಡೆಯಿಂದ ನಕಲು ಮಾಡಿದ ಸಂಖ್ಯೆಯಲ್ಲಿ ಸಾವಿರದ ಅಲ್ಪವಿರಾಮ ಉಳಿದಿದ್ದರೆ ಜಿಪಿ ಅದನ್ನು ಎರಡು ಬೇರೆ ಮೌಲ್ಯಗಳೆಂದು ಓದುತ್ತದೆ. ಫ್ಯಾಕ್ಟರ್(18,446) ಎಂದರೆ ‘446ರ ಮಿತಿಯೊಳಗೆ 18ನ್ನು ಬಿಡಿಸು’ ಎಂದರ್ಥ. ಯಾವ ದೋಷವೂ ತೋರದೆ 2 ಮತ್ತು 3ರ ವರ್ಗ ಎಂಬ ಉತ್ತರ ಬರುತ್ತದೆ. ಸಿಗ್ಮ(123,456) ಎಂದರೆ 123ರ ಭಾಜಕಗಳ 456ನೇ ಘಾತಗಳ ಮೊತ್ತ! ಅಂಟಿಸುವ ಮೊದಲು ಅಲ್ಪವಿರಾಮಗಳನ್ನೆಲ್ಲ ಅಳಿಸಿ.

1e20 ಎಂಬ ಬರವಣಿಗೆಯೂ ಹಾಗೆಯೇ ಕೈಕೊಡುತ್ತದೆ. ಜಿಪಿಗೆ ಅದು ದಶಮಾಂಶದ ನೈಜಸಂಖ್ಯೆ, ಈಸ್‌ಪ್ರೈಮ್ ಅದನ್ನು ಮುಟ್ಟದೆ ದೋಷ ತೋರುತ್ತದೆ. 10^20 ಎಂದು ಬರೆದರೆ ಪೂರ್ಣಾಂಕ. ಭಾಗಾಕಾರದಲ್ಲಿ ಸಾಮಾನ್ಯ ಓರೆಗೀಟು ಹಾಕಿದರೆ ನಿಖರ ಭಿನ್ನರಾಶಿ ಬರುತ್ತದೆ, ಪೂರ್ಣಾಂಕದ ಭಾಗಲಬ್ಧ ಬೇಕಿದ್ದರೆ ಹಿಮ್ಮುಖದ ಓರೆಗೀಟು.

ಭಾಜಕಗಳ ಎಣಿಕೆ ಕೇಳುವುದಕ್ಕೂ ಪಟ್ಟಿಯನ್ನೇ ಕೇಳುವುದಕ್ಕೂ ಅಜಗಜಾಂತರ. 1ರಿಂದ 100ರವರೆಗಿನ ಸಂಖ್ಯೆಗಳ ಗುಣಲಬ್ಧ 158 ಅಂಕಿಯದು. ಅದರ ಭಾಜಕಗಳು 39001250856960000 ಎಂದು ನಮ್‌ಡಿವ್ ತಕ್ಷಣ ಹೇಳುತ್ತದೆ. ಅದೇ ಸಂಖ್ಯೆಗೆ ಡಿವೈಸರ್ಸ್ ಎಂದು ಕೇಳಿದರೆ ಅಷ್ಟನ್ನೂ ಒಂದೊಂದಾಗಿ ಬರೆಯಲು ಹೊರಟು ಮೆಮೊರಿ ಮುಗಿಯುತ್ತದೆ. ಪಟ್ಟಿ ಕೇಳುವ ಮೊದಲು ಎಣಿಕೆ ಕೇಳುವುದನ್ನು ರೂಢಿ ಮಾಡಿಕೊಂಡರೆ ಈ ಪೇಚು ಇಲ್ಲ.

ಸಹಾಯದ ಪಠ್ಯವೆಲ್ಲ ಇಂಗ್ಲಿಷ್, ದೋಷ ಸೂಚನೆಗಳು ಚುಟುಕು. ಉತ್ತರದಲ್ಲಿ ಅಂಕಿಗಳನ್ನು ಗುಂಪುಗುಂಪಾಗಿ ಬಿಡಿಸಿ ತೋರಿಸುವ ಏರ್ಪಾಡಿಲ್ಲ, ಆದ್ದರಿಂದ 78 ಅಂಕಿಯನ್ನು ಕಣ್ಣಿನಿಂದ ಹೋಲಿಸುವುದು ಶಿಕ್ಷೆ. ಎರಡನ್ನೂ ಹೆಸರಿಟ್ಟು ಒಂದರಿಂದ ಇನ್ನೊಂದನ್ನು ಕಳೆದು ಸೊನ್ನೆ ಬರುತ್ತದೆಯೇ ನೋಡುವುದು ವಾಸಿ.

ಕೊನೆಗೆ, ಎಲ್ಲೂ ಹೆಚ್ಚು ಹೇಳದ ಆದರೆ ಬಹಳ ಉಪಯೋಗದ ಆಜ್ಞೆ ಆ್ಯಡ್‌ಪ್ರೈಮ್ಸ್. 155 ಅಂಕಿಯ 2^512+1 ಕೊಟ್ಟರೆ ಜಿಪಿ 2424833 ಎಂಬ ಅಪವರ್ತನವನ್ನು ಬೇಗ ಹಿಡಿದು, ಉಳಿದ 148 ಅಂಕಿಯ ಮುಂದೆ ಕೈಚೆಲ್ಲುತ್ತದೆ. ಆ ತುಂಡು 49 ಮತ್ತು 99 ಅಂಕಿಯ ಎರಡು ಅವಿಭಾಜ್ಯಗಳಾಗಿ ಒಡೆದದ್ದು 1990ರಲ್ಲಿ. ಪ್ರಕಟವಾಗಿರುವ 49 ಅಂಕಿಯ ಅಪವರ್ತನವನ್ನು ಆ್ಯಡ್‌ಪ್ರೈಮ್ಸ್ ಮೂಲಕ ಮೊದಲೇ ಕೊಟ್ಟರೆ, ಅದೇ ಫ್ಯಾಕ್ಟರ್ ಆಜ್ಞೆ ಪೂರ್ತಿ ಪಟ್ಟಿಯನ್ನು ಕ್ಷಣದಲ್ಲಿ ಮುಂದಿಡುತ್ತದೆ. ಭಾಜಕಗಳ ಮೊತ್ತ, ಆಯ್ಲರ್‌ಫೈ ಎಲ್ಲವೂ ಜೊತೆಗೇ ದಕ್ಕುತ್ತವೆ. ಆದರೆ ಹೀಗೆ ಸೇರಿಸಿದ್ದು ನಿಜಕ್ಕೂ ಅವಿಭಾಜ್ಯವೇ ಎಂದು ಪಾರಿ ನೋಡುವುದಿಲ್ಲ, ಫ್ಯಾಕ್ಟರ್_ಪ್ರೂವನ್ ಹಾಕಿದ್ದರೂ ನೋಡುವುದಿಲ್ಲ. ಸೇರಿಸುವ ಮೊದಲು ಒಮ್ಮೆ ಈಸ್‌ಪ್ರೈಮ್ ಕೇಳಿಕೊಳ್ಳಿ.